ಬೆಳ್ಳಿಗೂ ಬಗ್ಗದ ಬ್ಯಾಕ್ಟೀರಿಯಾ

ಮೈ ತುಂಬಾ ಸುಟ್ಟ ಗಾಯ. ಅದರ ಮೇಲೆ ದಪ್ಪ ಬ್ಯಾಂಡೇಜು. ಆ ಬ್ಯಾಂಡೇಜು ಒಣಗದಂತೆ ಆಗಾಗ ಸುರಿಯುವ 0.5% ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿ ಲವಣದ ನೀರು. 1960ರ ದಶಕದಲ್ಲಿ ಸುಟ್ಟ ಗಾಯಗಳಿಗೆ ಕೊಡುತ್ತಿದ್ದ ಚಿಕಿತ್ಸೆ ಇದು. ಹಾಸಿಗೆ, ನೆಲ, ನರ್ಸ್‌ಗಳ ಕೈ ಎಲ್ಲವೂ ಕಪ್ಪಾಗುತ್ತಿದ್ದವು. ಆದರೂ ಅದನ್ನು ಬಳಸುತ್ತಿದ್ದರು, ಯಾಕೆಂದರೆ ಅದು ಜೀವ ಉಳಿಸುತ್ತಿತ್ತು.

1975ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಕೆಟ್ಟ ಸುದ್ದಿ ಬಂತು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟ ಗಾಯದ ವಾರ್ಡಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡಿ ಮೂವರು ರೋಗಿಗಳು ತೀರಿಕೊಂಡಿದ್ದರು. ಆ ಬ್ಯಾಕ್ಟೀರಿಯಾ ಸಿಲ್ವರ್ ನೈಟ್ರೇಟಿಗೂ ಸಾಯುತ್ತಿರಲಿಲ್ಲ, ಕೆಲವು ಆ್ಯಂಟಿಬಯಾಟಿಕ್‌ಗಳಿಗೂ ಸಾಯುತ್ತಿರಲಿಲ್ಲ.

ಬೆಳ್ಳಿ ಕೊಲ್ಲುವುದಾದರೂ ಹೇಗೆ? ಗಟ್ಟಿ ಬೆಳ್ಳಿಯಲ್ಲ, ಅದರಿಂದ ಬಿಡಿಸಿಕೊಂಡು ನೀರಿಗಿಳಿಯುವ ಅಯಾನು, ಅಂದರೆ ವಿದ್ಯುತ್ ಅಂಶ ಹೊತ್ತ ಬೆಳ್ಳಿಯ ಪರಮಾಣು, ಕೊಲ್ಲುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಆಹಾರ ಬರಲೆಂದು ಸಣ್ಣ ಕಿಂಡಿಗಳಿವೆ. ಅಯಾನು ಅಲ್ಲಿಂದಲೇ ನುಗ್ಗುತ್ತದೆ. ಬೆಳ್ಳಿಗೆ ಗಂಧಕ ಕಂಡರೆ ಬಲು ಸೆಳೆತ. ಪ್ರೋಟೀನುಗಳಲ್ಲಿ ಗಂಧಕ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೋಗಿ ಅಂಟುತ್ತದೆ. ಉಸಿರಾಟದ ಕೆಲಸ ಮಾಡುವ ಪ್ರೋಟೀನುಗಳೂ ಕೆಡುತ್ತವೆ. ಒಂದೇ ಸಲ ಹತ್ತಾರು ಕಡೆ ಪೆಟ್ಟು. ಹಾಗಾಗಿಯೇ ಬೆಳ್ಳಿಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳೋದು ಕಷ್ಟ ಎಂದು ತುಂಬಾ ಜನ ನಂಬಿದ್ದರು.

ಆದರೆ ಬಾಸ್ಟನ್ನಿನ ಸಾಲ್ಮೊನೆಲ್ಲಾ ಒಂದೊಂದು ಪೆಟ್ಟನ್ನೂ ತಡೆಯಲು ಹೋಗಲಿಲ್ಲ. ಬೆಳ್ಳಿಯನ್ನೇ ಆಚೆ ದಬ್ಬಿತು. ಇದರ ಗುಟ್ಟು ತಿಳಿದದ್ದು 1999ರಲ್ಲಿ. ಅದರಲ್ಲಿ 'ಸಿಲ್' ಎಂಬ ಜೀನುಗಳ ಗುಂಪಿತ್ತು. ಒಂದು ಪ್ರೋಟೀನು ಎರಡು ಪೊರೆಗಳ ನಡುವಿನ ಜಾಗದಲ್ಲೇ ಬೆಳ್ಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಬೆಳ್ಳಿ ಬಂದಿರುವುದನ್ನು ಗುರುತಿಸಿ ಸುದ್ದಿ ಮುಟ್ಟಿಸುತ್ತದೆ. ಮೂರು ಪ್ರೋಟೀನು ಸೇರಿ ಆದ ಪಂಪು ಅದನ್ನು ಹೊರಗೆ ಎಸೆಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಪಂಪಲ್ಲ, ಆ ಜೀನುಗಳು ಇದ್ದ ಜಾಗ. ಅವು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿದ್ದವು. ಬ್ಯಾಕ್ಟೀರಿಯಾ ಪ್ಲಾಸ್ಮಿಡ್ಡಿನ ಪ್ರತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲದು. ಆ್ಯಂಪಿಸಿಲಿನ್, ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ಗಳನ್ನು ಎದುರಿಸುವ ಜೀನುಗಳೂ ಅದೇ ಉಂಗುರದಲ್ಲಿದ್ದವು. ಅಂದರೆ ಬೆಳ್ಳಿ ಹಾಕಿದಲ್ಲಿ ಉಳಿಯುವ ಬ್ಯಾಕ್ಟೀರಿಯಾ, ಆ್ಯಂಟಿಬಯಾಟಿಕ್‌ಗಳಿಗೂ ಬಗ್ಗದ ಬ್ಯಾಕ್ಟೀರಿಯಾವೇ ಆಗಿಬಿಡಬಹುದು. ಕಾಲುಚೀಲಕ್ಕೆ, ಹಲ್ಲುಜ್ಜುವ ಬ್ರಷ್ಷಿಗೆ ಸುಮ್ನೆ ಬೆಳ್ಳಿ ಸೇರಿಸಿ ಮಾರುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸುಟ್ಟು ಮಲಗಿದವರಿಗೆ ಬೇಕಾದ ಮದ್ದು ಅದು, ಅಲ್ವಾ?

ಇನ್ನೊಂದು ವಿಷಯ. ಜೀನುಗಳು ಇದ್ದೂ ಸುಮ್ಮನಿರಬಹುದು. ಪರೀಕ್ಷೆ ಮಾಡಿದರೆ ಬೆಳ್ಳಿಗೆ ಸಾಯುವ ಬ್ಯಾಕ್ಟೀರಿಯಾ ಎಂದೇ ತೋರುತ್ತದೆ. ಸುದ್ದಿ ಮುಟ್ಟಿಸುವ ಪ್ರೋಟೀನಿನಲ್ಲಿ ಒಂದೇ ಒಂದು ಬದಲಾವಣೆಯಾದರೆ ಸಾಕು, ಪಂಪು ನಿಲ್ಲದೆ ಓಡತೊಡಗುತ್ತದೆ. ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕೆ ಪ್ಲಾಸ್ಮಿಡ್ಡೂ ಬೇಕಿಲ್ಲ. ಲ್ಯಾಬಿನಲ್ಲಿ ಬೆಳ್ಳಿಯ ಜೊತೆ ಬೆಳೆಸಿದಾಗ ಒಂದು ವಾರದೊಳಗೇ ಅದು ತಾಮ್ರವನ್ನು ಹೊರಹಾಕುವ ತನ್ನ ಪಂಪನ್ನು ಬೆಳ್ಳಿಗೆ ತಿರುಗಿಸಿತು, ಕಿಂಡಿಗಳನ್ನೂ ಕಡಿಮೆ ಮಾಡಿಕೊಂಡಿತು.

ಬೆಳ್ಳಿಯ ನ್ಯಾನೊ ಕಣಗಳ, ಅಂದರೆ ಅತಿ ಸೂಕ್ಷ್ಮ ಚೂರುಗಳ ವಿಷಯದಲ್ಲಿ ಉಪಾಯವೇ ಬೇರೆ. 2018ರಲ್ಲಿ ಪ್ರಕಟವಾದ ಕೆಲಸ ಇದು. ಬ್ಯಾಕ್ಟೀರಿಯಾ ತನ್ನ ಈಜುಬಾಲದ ಪ್ರೋಟೀನಾದ ಫ್ಲ್ಯಾಜೆಲಿನ್ ಅನ್ನು ಜಾಸ್ತಿ ಮಾಡಿತು. ಅದು ತಾಕಿದ ಕಣಗಳು ಒಂದಕ್ಕೊಂದು ಅಂಟಿ ಗಂಟಾದವು, ಗಂಟಾದ ಬೆಳ್ಳಿಗೆ ಕೊಲ್ಲುವ ಶಕ್ತಿ ಉಳಿಯಲಿಲ್ಲ. ಆಗ ಸಂಶೋಧಕರು ಫ್ಲ್ಯಾಜೆಲಿನ್ ತಯಾರಾಗುವುದನ್ನೇ ತಡೆದರು. ಬೆಳ್ಳಿ ಮತ್ತೆ ಕೆಲಸ ಮಾಡಿತು. ಅದಕ್ಕೆ ಅವರು ಬಳಸಿದ್ದು ದಾಳಿಂಬೆ ಸಿಪ್ಪೆಯ ಸಾರ.