ಎಸ್‌ಎಂಪಿಎಸ್ ಕೊಳ್ಳುವ ಮುನ್ನ 12 ವೋಲ್ಟ್ ಸಾಲನ್ನು ಓದಿ

ಅರವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಿಕೊಳ್ಳಬೇಕೆಂದು ಬರುವ ಹುಡುಗರ ಪಟ್ಟಿಯಲ್ಲಿ ಈಗ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಆಯ್ಕೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಕೋರ್ ಐ5-12400ಎಫ್ ಅಥವಾ ರೈಜನ್ 5 5600, ಜೊತೆಗೆ ಆರ್‌ಟಿಎಕ್ಸ್ 3060 ಅಥವಾ ಆರ್‌ಎಕ್ಸ್ 6600, 8 ಜಿಬಿಯ ಎರಡು ರ‍್ಯಾಮ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಎಂದು ಅಚ್ಚುಕಟ್ಟಾಗಿ ಬರೆದುಕೊಂಡಿರುತ್ತಾರೆ. ಇಷ್ಟು ಓದಿಕೊಂಡು ಬಂದವರನ್ನು ಕಂಡರೆ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಆದರೆ ಪಟ್ಟಿಯ ಕೊನೆಯ ಸಾಲಿನಲ್ಲಿ ‘ಎಸ್‌ಎಂಪಿಎಸ್, 450 ವ್ಯಾಟ್, ಯಾವುದಾದರೂ ಸರಿ’ ಎಂದಿರುತ್ತದೆ. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಬಿಡಿಭಾಗಗಳಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಪೆಟ್ಟಿಗೆ. ಈ ‘ಯಾವುದಾದರೂ’ ಎಂಬುದನ್ನು ಹೊಡೆದುಹಾಕಿಸುವುದೇ ನನ್ನ ಕೆಲಸದ ಅತ್ಯಂತ ಕಷ್ಟದ ಭಾಗವಾಗಿದೆ.

ಎಸ್‌ಎಂಪಿಎಸ್ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿರುವ ವ್ಯಾಟ್ ಸಂಖ್ಯೆಯನ್ನು ನಂಬಬಾರದು. ಅದರ ಪಕ್ಕದ ಲೇಬಲ್‌ನಲ್ಲಿ 3.3, 5 ಮತ್ತು 12 ವೋಲ್ಟ್‌ಗಳಿಗೆ ಬೇರೆಬೇರೆ ಆಂಪಿಯರ್ ನಮೂದಿಸಿರುತ್ತಾರೆ. ಅದರಲ್ಲಿ 12 ವೋಲ್ಟ್‌ನ ಕೆಳಗಿರುವ ಆಂಪಿಯರನ್ನು ಹನ್ನೆರಡರಿಂದ ಗುಣಿಸಿ. ಇತ್ತೀಚೆಗೆ ನನ್ನ ಮೇಜಿಗೆ ಬಂದ, 450 ವ್ಯಾಟ್ ಎಂದು ಹೇಳಿಕೊಳ್ಳುವ ಅಗ್ಗದ ಪೆಟ್ಟಿಗೆಯೊಂದರಲ್ಲಿ ಅಲ್ಲಿ 16 ಆಂಪಿಯರ್ ಎಂದಿತ್ತು. ಅಂದರೆ 192 ವ್ಯಾಟ್. ಒಳ್ಳೆಯ 550 ವ್ಯಾಟ್‌ನ ಎಸ್‌ಎಂಪಿಎಸ್‌ನಲ್ಲಿ ಅದೇ ಜಾಗದಲ್ಲಿ 45 ಆಂಪಿಯರ್ ಆಸುಪಾಸು, ಅಂದರೆ ಸುಮಾರು 540 ವ್ಯಾಟ್ ಇರುತ್ತದೆ. ಹಳೆಯ ಕಂಪ್ಯೂಟರ್‌ಗಳು 5 ಮತ್ತು 3.3 ವೋಲ್ಟ್ ಸಾಲುಗಳಿಂದಲೇ ಹೆಚ್ಚು ವಿದ್ಯುತ್ ಪಡೆಯುತ್ತಿದ್ದವು. ಪೆಂಟಿಯಂ 4ರ ಕಾಲದಿಂದ ಈಚೆಗೆ ಪ್ರೊಸೆಸರ್‌ನ ಹೊರೆ 12 ವೋಲ್ಟ್‌ಗೆ ಸರಿಯಿತು. ಗ್ರಾಫಿಕ್ಸ್ ಕಾರ್ಡ್ ಕೂಡ ಬಹುಪಾಲು ಅದನ್ನೇ ಅವಲಂಬಿಸಿದೆ. ಅಗ್ಗದ ಪೆಟ್ಟಿಗೆಗಳ ಒಳಗಿನ ವಿನ್ಯಾಸ ಸಾಮಾನ್ಯವಾಗಿ ಆ ಹಳೆಯ ಕಾಲದ್ದೇ ಆಗಿರುತ್ತದೆ, ಆದ್ದರಿಂದ ಉಪಯೋಗಕ್ಕೆ ಬಾರದ ಸಾಲುಗಳ ಶಕ್ತಿಯನ್ನೂ ಕೂಡಿಸಿ ದೊಡ್ಡ ಸಂಖ್ಯೆ ತೋರಿಸುತ್ತಾರೆ.

ಈಗ ಬೇಡಿಕೆಯನ್ನು ನೋಡಿ. ಆರ್‌ಟಿಎಕ್ಸ್ 3060ಗೆ 170 ವ್ಯಾಟ್, 12400ಎಫ್ ಪೂರ್ಣ ವೇಗದಲ್ಲಿ ಓಡಿದಾಗ 117 ವ್ಯಾಟ್‌ವರೆಗೆ, ಮದರ್‌ಬೋರ್ಡ್, ಫ್ಯಾನ್ ಮುಂತಾದವಕ್ಕೆ ಇನ್ನೊಂದು ನಲವತ್ತು ಎಂದಿಟ್ಟುಕೊಂಡರೂ 330 ವ್ಯಾಟ್ ಸಮೀಪಿಸುತ್ತದೆ. ಗೇಮ್ ಆಡುವಾಗ ಇವೆಲ್ಲವೂ ಒಟ್ಟಿಗೆ ಗರಿಷ್ಠ ಮಟ್ಟ ಮುಟ್ಟುವುದು ಅಪರೂಪ, ನಿಜ. ಆದರೆ ಗ್ರಾಫಿಕ್ಸ್ ಕಾರ್ಡ್ ಕೆಲವು ಮಿಲಿಸೆಕೆಂಡುಗಳ ಕಾಲ ತನ್ನ ಘೋಷಿತ ಮಿತಿಯನ್ನು ಸಾಕಷ್ಟು ಮೀರಿ ಎಳೆಯುವುದುಂಟು. ಆ ಕ್ಷಣದಲ್ಲಿ 12 ವೋಲ್ಟ್ ಕುಸಿದರೆ ಕಂಪ್ಯೂಟರ್ ಯಾವ ಸಂದೇಶವನ್ನೂ ತೋರಿಸದೆ ಆರಿಹೋಗುತ್ತದೆ ಅಥವಾ ಮತ್ತೆ ಚಾಲೂ ಆಗುತ್ತದೆ.

ದಾವಣಗೆರೆಯ ವಿದ್ಯಾರ್ಥಿಯೊಬ್ಬನಿಗೆ ಹೀಗೆಯೇ ಆಯಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ಕೊಂಡೊಯ್ದು ತಾನೇ ಕಟ್ಟಿಕೊಂಡಿದ್ದ. ಬ್ರೌಸರ್, ಸಿನಿಮಾ ಎಲ್ಲ ಚೆನ್ನಾಗಿ ನಡೆಯುತ್ತಿತ್ತು, ಗೇಮ್ ತೆರೆದರೆ ಮಾತ್ರ ಹತ್ತು ನಿಮಿಷದೊಳಗೆ ರೀಸ್ಟಾರ್ಟ್. ವಿಂಡೋಸ್ ಮತ್ತೆಮತ್ತೆ ಹಾಕಿ, ಸ್ನೇಹಿತನ ರ‍್ಯಾಮ್ ತಂದು ಪರೀಕ್ಷಿಸಿ, ಕೊನೆಗೆ ಕಾರ್ಡೇ ಕೆಟ್ಟಿದೆಯೆಂದು ಕಣ್ಣಲ್ಲಿ ನೀರು ತುಂಬಿಕೊಂಡು ಬಂದ. ಅವನ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ಲೇ ಇರಲಿಲ್ಲ. ಹಾರ್ಡ್ ಡಿಸ್ಕ್‌ಗೆ ವಿದ್ಯುತ್ ಕೊಡುವ ಸಾಟಾ ಕೇಬಲ್‌ನಿಂದ 8 ಪಿನ್‌ಗೆ ಬದಲಿಸುವ ಪರಿವರ್ತಕವನ್ನು ಅಂಗಡಿಯವರು ಉಚಿತವಾಗಿ ಕೊಟ್ಟಿದ್ದರಂತೆ. ಸಾಟಾ ಕನೆಕ್ಟರ್‌ 12 ವೋಲ್ಟ್‌ನಲ್ಲಿ 4.5 ಆಂಪಿಯರ್, ಅಂದರೆ 54 ವ್ಯಾಟ್ ಕೊಡುವುದಕ್ಕಷ್ಟೇ ರೂಪಿತವಾದದ್ದು, 8 ಪಿನ್ ಕೇಬಲ್ 150 ವ್ಯಾಟ್‌ನದು. ಪ್ಲಾಸ್ಟಿಕ್ ಆಗಲೇ ಕಂದುಬಣ್ಣಕ್ಕೆ ತಿರುಗಿತ್ತು. ಕಾರ್ಡ್ ಉಳಿದದ್ದು ಅವನ ಅದೃಷ್ಟ. ಇಂತಹ ಪರಿವರ್ತಕ ಬೇಕಾಯಿತೆಂದರೆ ಆ ಎಸ್‌ಎಂಪಿಎಸ್ ಆ ಕಾರ್ಡಿಗೆ ತಕ್ಕುದಲ್ಲ ಎಂದೇ ತಿಳಿಯಬೇಕು.

ಇಷ್ಟು ವಿವರಿಸಿದ ಮೇಲೂ ಹೆತ್ತವರು, ಅದರಲ್ಲೂ ಲೆಕ್ಕಾಚಾರದ ತಂದೆಯಂದಿರು, ಕೇಳುವ ಪ್ರಶ್ನೆ ಒಂದೇ: 550 ವ್ಯಾಟ್ ಹಾಕಿದರೆ ಕರೆಂಟ್ ಬಿಲ್ ಹೆಚ್ಚಾಗುವುದಿಲ್ಲವೇ? ಹೆಚ್ಚಾಗುವುದಿಲ್ಲ. 550 ಎಂಬುದು ಅದು ಕೊಡಬಲ್ಲ ಗರಿಷ್ಠ ಮಿತಿ, ಸದಾ ಎಳೆಯುವ ಪ್ರಮಾಣವಲ್ಲ. ಬಿಡಿಭಾಗಗಳು ಕೇಳಿದಷ್ಟನ್ನೇ ಅದು ಒದಗಿಸುತ್ತದೆ. ಬಿಲ್ಲನ್ನು ನಿರ್ಧರಿಸುವುದು ದಕ್ಷತೆ. ಒಳಗಿನ ಭಾಗಗಳಿಗೆ 255 ವ್ಯಾಟ್ ಬೇಕಾಗಿದ್ದರೆ, 85 ಶೇಕಡಾ ದಕ್ಷತೆಯ ಎಸ್‌ಎಂಪಿಎಸ್ ಗೋಡೆಯಿಂದ 300 ವ್ಯಾಟ್ ಎಳೆಯುತ್ತದೆ, 70 ಶೇಕಡಾ ದಕ್ಷತೆಯದು ಸುಮಾರು 364 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಆಡಿದರೆ ಅಗ್ಗದ ಪೆಟ್ಟಿಗೆಯಲ್ಲಿ ತಿಂಗಳಿಗೆ ಏಳೆಂಟು ಯೂನಿಟ್ ಹೆಚ್ಚುವರಿಯಾಗಿ ಬರಿಯ ಶಾಖವಾಗಿ ಹೋಗುತ್ತದೆ. 80 ಪ್ಲಸ್ ಬ್ರಾಂಜ್ ಗುರುತು ಅರ್ಧ ಹೊರೆಯಲ್ಲಿ 85 ಶೇಕಡಾ ದಕ್ಷತೆಯನ್ನು ಸೂಚಿಸುತ್ತದೆ. ಅದು ದಕ್ಷತೆಯ ಗುರುತು ಮಾತ್ರ. ರಕ್ಷಣಾ ವ್ಯವಸ್ಥೆಯ ಬಗ್ಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ, ಅತಿವೋಲ್ಟೇಜ್, ಅತಿಪ್ರವಾಹ ಮತ್ತು ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯೇ, ವಾರಂಟಿ ಐದು ವರ್ಷದ್ದೇ ಎಂದು ಪ್ರತ್ಯೇಕವಾಗಿ ವಿಚಾರಿಸಬೇಕು.

ಇಂತಹದಕ್ಕೆ ನಾಲ್ಕು ಸಾವಿರ ರೂಪಾಯಿಯ ಆಸುಪಾಸು ಬೇಕಾಗಬಹುದು; ಬೆಲೆಗಳು ಏರಿಳಿಯುವುದರಿಂದ ಖಚಿತವಾಗಿ ಹೇಳಲಾರೆ. ಹಣ ಹೊಂದಿಸಲು ಬಣ್ಣದ ದೀಪದ ಫ್ಯಾನ್‌ಗಳನ್ನು ಬಿಡಿ, ಗಾಜಿನ ಕ್ಯಾಬಿನೆಟ್ ಬಿಡಿ. 12400ಎಫ್‌ನ ಪೆಟ್ಟಿಗೆಯಲ್ಲಿ ಬರುವ ಕೂಲರ್ ಗೇಮಿಂಗ್‌ಗೆ ಸಾಕು.

ನಮ್ಮ ಊರುಗಳ ವೈರಿಂಗ್ ಬಗ್ಗೆಯೂ ಒಂದು ಮಾತು. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಹಲವರು ಎಸ್‌ಎಂಪಿಎಸ್ ಹಿಂದಿರುಗಿಸಲು ಬರುತ್ತಾರೆ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಅಲ್ಪ ಪ್ರವಾಹ ಅರ್ಥಿಂಗ್ ತಂತಿಯ ಮೂಲಕ ಹರಿದುಹೋಗಬೇಕು. ಗೋಡೆಯ ಮೂರನೆಯ ಪಿನ್‌ಗೆ ಭೂಸಂಪರ್ಕವೇ ಇಲ್ಲದ ಮನೆಗಳಲ್ಲಿ ಅದು ಕೈಗೆ ತಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ದೋಷ ಮನೆಯ ಅರ್ಥಿಂಗ್‌ನದು, ಆದರೂ ನೋಡದೆ ನಿರ್ಣಯಿಸುವುದು ಸರಿಯಲ್ಲ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಪರೀಕ್ಷಿಸುವವರೆಗೆ ಯಂತ್ರವನ್ನು ಚಾಲೂ ಮಾಡಬೇಡಿ. ಮನೆಯ ಇನ್ವರ್ಟರ್‌ಗೆ ಜೋಡಿಸುವವರು ಅದನ್ನು ಯುಪಿಎಸ್ ಮೋಡ್‌ನಲ್ಲಿ ಇಡಬೇಕು; ಆಗ ಅದು ಬ್ಯಾಟರಿಗೆ ಬೇಗ ಬದಲಾಗುತ್ತದೆ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನ ಬಲದಿಂದ ಯಂತ್ರವನ್ನು ಹಿಡಿದಿಡುವುದು ಪೂರ್ಣ ಹೊರೆಯಲ್ಲಿ ಹದಿನಾರು ಮಿಲಿಸೆಕೆಂಡಿನ ಸುತ್ತಮುತ್ತ ಮಾತ್ರ, ಮತ್ತು ಅಗ್ಗದ ಪೆಟ್ಟಿಗೆಗಳು ಅಷ್ಟು ಹೊತ್ತೂ ತಡೆಯದೆ ಹೋಗಬಹುದು.