ಇರುವುದು ಒಂದೇ ದಾರಿ, ಆದರೂ ಆಡ್ತೀವಿ

ಬಳ್ಳಾರಿಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಕಂಪ್ಯೂಟರ್ ಮುಂದೆ ಕೂರುತ್ತಿದ್ದ ಕಾಲ. ನಮ್ಮ ಆಟ ಪ್ರಿನ್ಸ್ ಆಫ್ ಪರ್ಷಿಯಾ, ಹಾಕಿಕೊಟ್ಟ ಒಂದೇ ದಾರಿಯಲ್ಲಿ ಮುಂದೆ ಹೋಗುವ ವಿಡಿಯೋ ಗೇಮ್. ಇಂಥ ಆಟ ಯಾಕೆ ಇಷ್ಟ ಅನ್ನೋದೇ ಇಲ್ಲಿನ ಮಾತು. ರಾಜಕುಮಾರಿಯನ್ನು ಬಿಡಿಸಲು ಆ ಆಟ ಕೊಡುತ್ತಿದ್ದದ್ದೂ ಸರಿಯಾಗಿ 60 ನಿಮಿಷ. ಅಂಗಡಿಯವರು "ಟೈಮ್ ಆಯ್ತಪಾ, ಏಳು" ಅನ್ನುವ ಹೊತ್ತಿಗೆ ರಾಜಕುಮಾರ ಎಲ್ಲೋ ಗೋಡೆಯ ಅಂಚು ಹಿಡಿದು ನೇತಾಡುತ್ತಿರುತ್ತಿದ್ದ. ಶಿಫ್ಟ್ ಕೀ ಬಿಟ್ಟರೆ ಬಿದ್ದ, ಸತ್ತ.

ಜೋರ್ಡನ್ ಮೆಕ್ನರ್ ಮಾಡಿದ ಆ ಆಟ ಬಂದದ್ದು 1989ರಲ್ಲಿ. ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೋ ತೆಗೆದು, ಅದನ್ನೇ ನೋಡಿಕೊಂಡು ರಾಜಕುಮಾರನ ಚಲನೆ ಬರೆದರು. 1996ರ ಟೂಂಬ್ ರೇಡರ್ ಈ ಜಿಗಿತ, ನೇತಾಟವನ್ನೆಲ್ಲ 3ಡಿಗೆ ತಂತು.

2001ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ 3, ಅಂದರೆ ಜಿಟಿಎ 3 ಬಂತು. ಊರೆಲ್ಲ ನಿಂದೇ, ಎಲ್ಲಿಗಾದರೂ ಹೋಗು ಅಂತು. ನಮಗೂ ಹುಚ್ಚು ಹಿಡಿದಿತ್ತು, ಸುಳ್ಳು ಯಾಕೆ. ಆದರೆ ಸುಮ್ನೆ ಕಾರು ಓಡಿಸಿದ್ದೇ ಜಾಸ್ತಿ, ಕಥೆ ಏನಂತ ಕೇಳಿದರೆ ನೆನಪಿಲ್ಲ.

2013ರ ದಿ ಲಾಸ್ಟ್ ಆಫ್ ಅಸ್ ಹಾಗಲ್ಲ. ಶುರುವಿನಲ್ಲಿ ನಾವು ಆಡುವುದು ಅಪ್ಪನಾಗಿ ಅಲ್ಲ, ಮಗಳಾಗಿ. ರಾತ್ರಿ ಎಚ್ಚರವಾಗಿ, ಅಪ್ಪನನ್ನು ಹುಡುಕುತ್ತಾ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಹೋಗುತ್ತೇವೆ. ಸ್ವಲ್ಪ ಹೊತ್ತಿಗೆ ನಾವೇ ಅಪ್ಪ. ಕಾಲಿಗೆ ಪೆಟ್ಟಾದ ಮಗಳನ್ನು ಎತ್ತಿಕೊಂಡು ಓಡಬೇಕು. ಎರಡೂ ಕೈಯಲ್ಲಿ ಅವಳು, ಇನ್ನು ಬಂದೂಕು ಹಿಡಿಯೋದು ಎಲ್ಲಿ? ಆಗ ಪಕ್ಕದ ಬೀದಿ ಸುತ್ತಿಬರುವ ಅವಕಾಶ ಇದ್ದಿದ್ದರೆ ಆ ಎದೆಬಡಿತ ಇರುತ್ತಿರಲಿಲ್ಲ, ಅಲ್ವಾ?

ಕೊಪ್ಪಳದ ಮೋರನಾಳದ ತೊಗಲು ಗೊಂಬೆಯಾಟ ನೋಡಿದವರಿಗೆ ಈ ಒಂದೇ ದಾರಿ ಹೊಸದಲ್ಲ. ಕಥೆ ಗೊತ್ತಿದ್ದೇ ಕೂರುತ್ತಾರೆ. ಈ ಸಲ ರಾವಣ ಗೆಲ್ಲಲಿ ಅಂತ ಯಾರೂ ಕೇಳಲ್ಲ. ಪರದೆ ಮೇಲೆ ಗೊಂಬೆ ಹೇಗೆ ಕುಣೀತು, ಮಾತು ಹೇಗೆ ಬಂತು, ನೋಡೋದು ಅದನ್ನ.

ಒಂದೇ ದಾರಿಯ ಆಟಗಳು ಇಷ್ಟವಾಗಲು ಇನ್ನೊಂದು ಕಾರಣ ಸಾದಾ. ಇವು ಮುಗಿಯುತ್ತವೆ. ಕೆಲಸ, ಮನೆ, ಕರೆಂಟು ನೋಡಿಕೊಂಡು ಆಡುವವರಿಗೆ 50 ಗಂಟೆಯ ಆಟ ಅಂದರೆ ಸಾಲ ಇದ್ದ ಹಾಗೆ.

2017ರ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿಯನ್ನು ನಾನು ಒಂದು ವಾರಾಂತ್ಯದಲ್ಲಿ ಮುಗಿಸಿದೆ. ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ, ಹುಡುಕುವುದು ಹೊಯ್ಸಳರ ಕಾಲದ ಗಣೇಶನ ದಂತ. ನಡುವೆ ಒಂದು ಕಡೆ ಜೀಪು ಕೊಟ್ಟು ಬೇಕಾದಲ್ಲಿ ಸುತ್ತಲು ಬಿಡುತ್ತಾರೆ, ಆಮೇಲೆ ಮತ್ತೆ ಒಂದೇ ದಾರಿ. ಹಳೇಬೀಡಿನ ಹೆಸರು ಕೇಳಿ, ಪಕ್ಕದಲ್ಲಿ ಕೂತಿದ್ದ ತಮ್ಮ ತಲೆ ಎತ್ತಿದ.

"ಹಂಪಿ ಯಾವಾಗ ಬರ್ತೈತಿ?" ಅಂದ.