ಮಾತ್ರೆ ಶುರುವಾದ ಮೇಲೆ ಮಗ ಮಂಕಾಗಿದ್ದಾನೆ, ನಿಲ್ಲಿಸಿಬಿಡಲಾ?

ಪ್ರಶ್ನೆ: ನನ್ನ ಮಗ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದಿದ್ದ. ಎರಡು ತಿಂಗಳಿಂದ ಆ ಚಟಕ್ಕೆ ಡಾಕ್ಟರ್ ಕೊಟ್ಟ ಬುಪ್ರೆನಾರ್ಫಿನ್ ಮಾತ್ರೆ ತಗೊಳ್ತಿದ್ದಾನೆ. ಹಳೇ ಚಟ ನಿಂತಿದೆ. ಆದರೆ ಯಾವಾಗಲೂ ಮಂಕಾಗಿ ಕೂತಿರ್ತಾನೆ, ಮಲಬದ್ಧತೆ ಬೇರೆ. ಇದೂ ಒಂದು ನಶೆ ಮಾತ್ರೆನೇ ಅಂತ ನೆಂಟರು ಹೇಳ್ತಾರೆ. ನಿಲ್ಲಿಸಿಬಿಡಲಾ?

ಬೇಡ. ಇಷ್ಟಕ್ಕೇ ಬಿಟ್ಟರೆ ಮುಂದಿನ ವಾರ ಇದೇ ಪ್ರಶ್ನೆ ಇನ್ನೊಬ್ಬ ತಾಯಿಯಿಂದ ಬರುತ್ತದೆ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ. ಆ ನೆಂಟರಿಗೂ ಓದಿಸಿ.

ಮೊದಲು ಸುಲಭದ್ದು. ಮಲಬದ್ಧತೆ ಮಾತ್ರೆಯದೇ ಕೆಲಸ. ತಲೆನೋವು, ಬೆವರು, ವಾಕರಿಕೆ, ನಿದ್ದೆಯ ಏರುಪೇರು ಕೂಡ ಅದರಿಂದ ಬರಬಹುದು, ಆದರೆ ಸಾಮಾನ್ಯವಾಗಿ ದಿನ ಕಳೆದಂತೆ ತಗ್ಗುತ್ತವೆ. ಮಲಬದ್ಧತೆ ಹಟಮಾರಿ. ನೀರು, ಸೊಪ್ಪು, ಓಡಾಟ ಸಾಲದಿದ್ದರೆ ಡಾಕ್ಟರನ್ನು ಕೇಳಿ ಲ್ಯಾಕ್ಟುಲೋಸ್‌ನಂಥ ಸಿರಪ್ ತಗೊಳ್ಳಿ. ಕೆಲವು ಗಂಡಸರಿಗೆ ಕಾಮಾಸಕ್ತಿ ಕಡಿಮೆಯಾಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಒಂದು ದಿನ ಮಾತ್ರೆ ಬಿಟ್ಟುಬಿಡುತ್ತಾರೆ. ಹೇಳಿದರೆ ಪರಿಹಾರ ಇರುತ್ತದೆ. ಇನ್ನು ಹಲ್ಲು. ಮಾತ್ರೆಯನ್ನು ನಾಲಿಗೆ ಕೆಳಗಿಟ್ಟು, ನುಂಗದೆ, ಮಾತಾಡದೆ, ಪೂರ್ತಿ ಕರಗುವ ತನಕ ಕಾಯಬೇಕಲ್ವಾ? ಹಾಗೆ ಬಾಯಲ್ಲಿ ಕರಗುವ ಬುಪ್ರೆನಾರ್ಫಿನ್‌ನಿಂದ ಹಲ್ಲು ಹುಳುಕಾಗಬಹುದು ಎಂದು ಅಮೆರಿಕದ ಔಷಧ ಇಲಾಖೆ 2022ರಲ್ಲಿ ಎಚ್ಚರಿಸಿತು. ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಬೇಕು. ಒಂದು ಗಂಟೆ ಬಿಟ್ಟು ಹಲ್ಲುಜ್ಜಬೇಕು.

ಈಗ ಮಂಕು. ಇದಕ್ಕೆ ಒಂದೇ ಕಾರಣ ಇರುವುದಿಲ್ಲ. ಮಗನನ್ನು ಸ್ವಲ್ಪ ಗಮನಿಸಿ. ಬೆಳಗ್ಗೆ ಮಾತ್ರೆಯ ಹೊತ್ತಿಗೆ ಮುಂಚೆ ಆಕಳಿಕೆ, ಕಣ್ಣು ಮೂಗಲ್ಲಿ ನೀರು, ಮೈಕೈ ನೋವು, ಸಿಡಿಮಿಡಿ ಇದೆಯಾ? ಹಾಗಿದ್ದರೆ ಡೋಸ್ ಸಾಲುತ್ತಿಲ್ಲ. ಮನೆಯವರು ಅದನ್ನೇ ಸೈಡ್ ಎಫೆಕ್ಟ್ ಅಂದುಕೊಂಡು ಡೋಸ್ ಇನ್ನೂ ಇಳಿಸಿ ಎನ್ನುತ್ತಾರೆ. ಕೂತಲ್ಲೇ ತೂಕಡಿಸುತ್ತಾನಾ? ಡೋಸ್ ಜಾಸ್ತಿಯಾಗಿರಬಹುದು, ಇಲ್ಲವೇ ಜೊತೆಗೆ ಕುಡಿತವೋ ಆಲ್ಪ್ರಾಜೊಲಾಮ್‌ನಂಥ ನಿದ್ದೆ ಮಾತ್ರೆಯೋ ನಡೆಯುತ್ತಿರಬಹುದು. ಆ ಜೋಡಿ ಉಸಿರಾಟವನ್ನೇ ನಿಲ್ಲಿಸಬಲ್ಲದು, ಅದೇ ದಿನ ಡಾಕ್ಟರಿಗೆ ತಿಳಿಸಿ. ಎರಡೂ ಅಲ್ಲ, ಊಟ ರುಚಿಸಲ್ಲ, ಕ್ರಿಕೆಟ್ ಬೇಡ, ಗೆಳೆಯರು ಬೇಡ ಎನ್ನುತ್ತಾನಾ? ವರ್ಷಗಟ್ಟಲೆ ಖುಷಿಯನ್ನು ನೋವಿನ ಮಾತ್ರೆಯಿಂದ ಪಡೆದ ಮೆದುಳಿಗೆ ಸಣ್ಣಪುಟ್ಟ ಖುಷಿ ಮತ್ತೆ ತಾಗಲು ತಿಂಗಳುಗಳೇ ಬೇಕಾಗಬಹುದು. ಅದರ ಜೊತೆಗೆ ಮಾಡಿಕೊಂಡ ಸಾಲ, ಬಿಟ್ಟುಹೋದ ಕೆಲಸ, ಅಪ್ಪನ ಮುಖ ನೋಡಲಾಗದ ನಾಚಿಕೆ. ನಶೆ ಇಳಿದ ಮೇಲೆ ಇವೆಲ್ಲ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಮಂಕಾಗದೆ ಏನು ಮಾಡಿಯಾನು? ಬುಪ್ರೆನಾರ್ಫಿನ್‌ನಿಂದಲೇ ಮನಸ್ಸು ಜಡವಾಗಿದೆ ಎನ್ನುವವರೂ ಇದ್ದಾರೆ. ಅಂಥವರಿಗೆ ಡೋಸ್ ಬದಲಿಸಿ ನೋಡಬಹುದು. ನಿಜವಾದ ಖಿನ್ನತೆಯಾದರೆ ಅದಕ್ಕೇ ಬೇರೆ ಔಷಧ ಉಂಟು, ಎರಡನ್ನೂ ಡಾಕ್ಟರ್ ಒಟ್ಟಿಗೇ ಕೊಡಬಲ್ಲರು. ಸಾಯುವ ಮಾತು ಆಡಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ನೆಂಟರ ಮಾತು: 'ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸ್ತಾರೆ.' ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಬುಪ್ರೆನಾರ್ಫಿನ್ ಕೂಡ ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ಔಷಧವೇ, ನಿಜ. ಆದರೆ ಅದು ಮೆದುಳಿನ ಓಪಿಯಾಯ್ಡ್ ಜಾಗಗಳನ್ನು ಅರ್ಧಂಬರ್ಧ ಮಾತ್ರ ಎಬ್ಬಿಸುತ್ತದೆ. ಒಂದು ಮಟ್ಟ ದಾಟಿದ ಮೇಲೆ ಡೋಸ್ ಏರಿಸಿದರೂ ಪರಿಣಾಮ ಹೆಚ್ಚು ಏರುವುದಿಲ್ಲ. ಮೇಲಾಗಿ, ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ, ಆ ಜಾಗಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಆಮೇಲೆ ಹೆರಾಯಿನ್ ಬಂದರೂ ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆ ಬಂದರೂ ಕೂರಲು ಜಾಗ ಸಿಗುವುದು ಕಷ್ಟ. ತಕ್ಷಣ ನಿಲ್ಲಿಸಿದರೆ ಮೈಗೆ ಕಷ್ಟವಾಗುತ್ತದೆ, ಒಪ್ಪುತ್ತೇನೆ. ಆದರೆ ಚಟ ಎಂದರೆ ಅಷ್ಟೇ ಅಲ್ಲವಲ್ಲ. ನಿಮ್ಮ ಮಗ ಈಗ ಮನೆಯ ದುಡ್ಡು ಕದಿಯುತ್ತಾನಾ? ಸುಳ್ಳು ಹೇಳಿ ರಾತ್ರಿಯಿಡೀ ಹೊರಗಿರುತ್ತಾನಾ? ಡೋಸ್ ದಿನೇ ದಿನೇ ಏರಿಸುತ್ತಾನಾ? ಹಳೇ ಚಟ ನಿಂತಿದೆ ಅಂತ ನೀವೇ ಬರೆದಿದ್ದೀರಿ.

ನನ್ನ ಮಾತು ಬೇಡ, ಸ್ವೀಡನ್ನಿನ ಲೆಕ್ಕ ನೋಡಿ. ಸ್ಟಾಕ್‌ಹೋಮ್‌ನಲ್ಲಿ ಹೆರಾಯಿನ್ ಚಟದ 40 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವರ್ಷವಿಡೀ ಬುಪ್ರೆನಾರ್ಫಿನ್. ಇನ್ನೊಂದಕ್ಕೆ ಆರು ದಿನದಲ್ಲಿ ಇಳಿಸಿ, ಆಮೇಲೆ ಔಷಧವಿಲ್ಲದ ಸುಳ್ಳು ಮಾತ್ರೆ. ಆಪ್ತಸಮಾಲೋಚನೆ ಇಬ್ಬರಿಗೂ ಒಂದೇ. ವರ್ಷದ ಕೊನೆಗೆ ಮೊದಲ ಗುಂಪಿನ 20ರಲ್ಲಿ 15 ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೆಯದರಲ್ಲಿ ಒಬ್ಬರೂ ಇಲ್ಲ. ಆ ಗುಂಪಿನ ನಾಲ್ವರು ಸತ್ತೇ ಹೋಗಿದ್ದರು. 2003ರಲ್ಲಿ ಇದು ಪ್ರಕಟವಾಯಿತು. ಫ್ರಾನ್ಸ್‌ನಲ್ಲಿ 1990ರ ದಶಕದ ಮಧ್ಯದಲ್ಲಿ ಸಾಮಾನ್ಯ ವೈದ್ಯರೂ ಬುಪ್ರೆನಾರ್ಫಿನ್ ಬರೆದುಕೊಡಲು ಶುರು ಮಾಡಿದ ಮೇಲೆ ಓವರ್‌ಡೋಸ್ ಸಾವುಗಳು ತೀರಾ ಇಳಿದವು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಶೆ ಹಂಚಲಿಕ್ಕಲ್ಲ.

'ಬೇಗ ನಿಲ್ಲಿಸಿ' ಎನ್ನುವವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನಶೆ ಬಿಟ್ಟ ಮೈಗೆ ಹಳೇ ಡೋಸ್ ತಡೆಯುವ ಶಕ್ತಿ ಹೋಗಿರುತ್ತದೆ. ಮಾತ್ರೆ ನಿಂತ ಕೆಲವು ವಾರಗಳಲ್ಲಿ ಒಂದೇ ಒಂದು ಸಲ ಅಂತ ಹಿಂದಿನಷ್ಟೇ ತಗೊಂಡರೆ ಅದೇ ಓವರ್‌ಡೋಸ್. ನಿಲ್ಲಿಸುವ ದಿನ ಬರಬಹುದು. ಅದನ್ನು ಡಾಕ್ಟರೂ ಮಗನೂ ಕೂತು ನಿರ್ಧರಿಸಬೇಕು, ಇಳಿಸುವುದೂ ನಿಧಾನವಾಗಿಯೇ. ಮದುವೆ ಮಾತುಕತೆಗೆ ಮುಂಚೆ ನಿಲ್ಲಲಿ ಎನ್ನುವ ಗಡುವು ಬೇಡ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕುಡಿತ ಬಿಡಿಸುವ ಮಾತ್ರೆಯನ್ನು ಸಾರಿನಲ್ಲಿ ಗೊತ್ತಾಗದ ಹಾಗೆ ಬೆರೆಸುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಅದೇ ಅಪಾಯಕಾರಿ. ಓಪಿಯಾಯ್ಡ್ ಚಟಕ್ಕೂ ನಾಲ್ಟ್ರೆಕ್ಸೋನ್ ಎಂಬ ಇನ್ನೊಂದು ಮಾತ್ರೆ ಇದೆ. ಅದು ಓಪಿಯಾಯ್ಡ್ ಜಾಗಗಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ಒಳಗೊಳಗೇ ನಶೆ ಮಾಡುತ್ತಿರುವವನಿಗೋ, ಬುಪ್ರೆನಾರ್ಫಿನ್ ಮೇಲಿರುವವನಿಗೋ ಅದನ್ನು ಕದ್ದು ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ವಾಂತಿ, ಭೇದಿ, ನಡುಕ ಒಟ್ಟಿಗೆ ಶುರುವಾಗಿ ಆಸ್ಪತ್ರೆಗೆ ಹೊತ್ತುಕೊಂಡು ಓಡಬೇಕಾಗುತ್ತದೆ. ಹಾಗಾಗಿ ಕನಿಷ್ಠ 7ರಿಂದ 10 ದಿನ ಓಪಿಯಾಯ್ಡ್ ಮುಟ್ಟಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅದನ್ನು ಶುರು ಮಾಡುತ್ತಾರೆ. ಅದನ್ನು ತಗೊಳ್ಳುವವರು ಅಪಘಾತಕ್ಕೋ ಆಪರೇಷನ್‌ಗೋ ಆಸ್ಪತ್ರೆ ಸೇರಿದರೆ ಮೊದಲೇ ತಿಳಿಸಬೇಕು, ಟ್ರಮಡಾಲ್, ಮಾರ್ಫಿನ್‌ನಂಥ ನೋವಿನ ಔಷಧ ಅವರಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾತ್ರೆಯ ಹೆಸರು ಬರೆದ ಚೀಟಿ ಪರ್ಸಿನಲ್ಲಿರಲಿ.